ಟವೆಲಿನ ಕೆಳಗೆ ಒತ್ತಿದ ಹತ್ತು

ಗಾದಿ ಒಂದಕ್ಕೆ ಆರೂವರೆ ರೂಪಾಯಿ ಬಿತ್ತು. ಅಂಥವು ಹನ್ನೆರಡು. ಅಂಗಡಿಯಲ್ಲಿ ಹೊಲಿದಿಟ್ಟದ್ದನ್ನೇ ಕೊಂಡಿದ್ದರೆ ಹತ್ತಕ್ಕೆ ಕಡಿಮೆ ಯಾರೂ ಕೊಡುತ್ತಿರಲಿಲ್ಲ. ನನಗೆ ಅಷ್ಟಕ್ಕೆ ಯಾಕೆ ದಕ್ಕಿತು ಅಂದರೆ, ಒಳಗೆ ತುಂಬಿಸಿದ್ದು ಹೊಸ ಅರಳೆ ಅಲ್ಲ, ದಾವಣಗೆರೆಯ ಮಿಲ್ಲಿನಲ್ಲಿ ನೂಲುವಾಗ ಉದುರಿ ಉಳಿದದ್ದು. ಮೇಲಿನ ಪಟ್ಟೆ ಬಟ್ಟೆ ಅಂಚು ಕೆಟ್ಟ ಥಾನಿನದು. ಮಲಗಿದವನಿಗೆ ಅಂಚು ಕಾಣುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅರಳೆ ಹಿಂಜಿ ಗಾದಿ ಹೊಲಿಯುವವನನ್ನೇ ಅವನ ಬಿಲ್ಲು, ಕೊಡತಿ, ದಬ್ಬಣದ ಸಮೇತ ಹರಿಹರಕ್ಕೆ ಕರಕೊಂಡು ಬಂದು ಹತ್ತು ದಿನ ನನ್ನ ಅಂಗಳದಲ್ಲೇ ಇರಿಸಿಕೊಂಡಿದ್ದೆ. ಗಿರಾಕಿಗೆ ಕಾಯುವ ಕೆಲಸ ತಪ್ಪಿದರೆ ಯಾವ ಕಸುಬಿನವನೂ ಕೂಲಿ ಇಳಿಸುತ್ತಾನೆ.

ಆ ಹತ್ತು ದಿನದಲ್ಲಿ ಅವನು ಗಾದಿಗಳ ಜೊತೆ ಇನ್ನೊಂದನ್ನು ಕೊಟ್ಟು ಹೋದ. ಅದಕ್ಕೆ ನಾನು ಕಾಸು ಕೊಡಲಿಲ್ಲ, ಅವನು ಕೇಳಲೂ ಇಲ್ಲ. ಒಬ್ಬರ ಮುಖ ಒಬ್ಬರು ನೋಡದ ಹನ್ನೆರಡು ಗಂಡಸರನ್ನು ಒಂದು ಟವೆಲಿನ ಕೆಳಗೆ ಪರಿಚಯ ಮಾಡಿಸುವ ಆಟ ಅದು. ಆಟ ಹರಿಹರದಲ್ಲಿ ಉಳಿಯಿತು. ಅವನೂ ಉಳಿಯಬೇಕು ಅಂತಿದ್ದ. ಅದು ನನ್ನ ಒಂದು ಬೆರಳಿನಿಂದ ಕೆಟ್ಟಿತು.

ಆಗ ನನಗೆ ಇಪ್ಪತ್ತಾರೋ ಇಪ್ಪತ್ತೇಳೋ. ದಾವಣಗೆರೆಯ ಮಂಡಿಪೇಟೆಯಲ್ಲಿ ಸೋದರಮಾವನ ಅಂಗಡಿಯಲ್ಲಿ ಎಂಟು ವರ್ಷ ದಲ್ಲಾಳಿ ಕೆಲಸ ಮಾಡಿ, ಇನ್ನೊಬ್ಬರ ಗಲ್ಲಾ ಕಾಯುವುದು ಸಾಕಾಗಿ, ಸ್ವಂತ ಏನಾದರೂ ಮಾಡೋಣ ಅಂತ ಹೊರಬಿದ್ದಿದ್ದೆ. ಹರಿಹರದಲ್ಲಿ ಕಾರ್ಖಾನೆ ಬೆಳೆಯುತ್ತಿತ್ತು. ಹೊಳೆಯ ಆಚೆ ಮುಂಬೈ ಸೀಮೆ, ಈಚೆ ಮೈಸೂರು ಸೀಮೆ ಅಂತ ಇದ್ದದ್ದು ಒಂದೇ ರಾಜ್ಯವಾಗಿ ಇನ್ನೂ ಹೆಚ್ಚು ಕಾಲ ಆಗಿರಲಿಲ್ಲ. ಎಲ್ಲ ಕಡೆಯಿಂದ ಕೆಲಸಗಾರರು ಬರುತ್ತಿದ್ದರು, ಇಳಿದುಕೊಳ್ಳಲು ಜಾಗವಿರಲಿಲ್ಲ. ಸ್ಟೇಷನ್ನಿನ ಹತ್ತಿರ ಒಂದು ಹಳೇ ಬೆಲ್ಲದ ಗೋದಾಮು ಹಿಡಿದೆ. ಗೋಡೆಗೆ ಸುಣ್ಣ ಹೊಡೆಸಿದೆ, ಹನ್ನೆರಡು ಮಂಚ ಹಾಕಿಸಿದೆ. ಸುಣ್ಣ ಹೊಡೆದರೂ ಬೆಲ್ಲದ ವಾಸನೆ ಹೋಗಲಿಲ್ಲ, ಇರುವೆಯೂ ಹೋಗಲಿಲ್ಲ. ಹಿಂದುಗಡೆ ಅಂಗಳ, ಅಂಗಳದ ಬದಿಗೆ ಮೂರು ಕಡೆ ಗೋಡೆಯಿದ್ದು ಒಂದು ಕಡೆ ಬಯಲಾಗಿದ್ದ ಚಿಕ್ಕ ತಗಡಿನ ಮಾಡು.

ಮಂಚ ತುಂಬಿದವು. ಆದರೆ ಜನ ಕೂಡಲಿಲ್ಲ. ಕೊಯಮತ್ತೂರು ಕಡೆಯಿಂದ ಬಂದ, ಲೇತ್ ನಡೆಸುವ ಟರ್ನರನಿಗೆ ಕನ್ನಡ ಬಾರದು. ರಾಣೆಬೆನ್ನೂರು ಕಡೆಯ ಬಡಗಿ, ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುವವನು, ಮೈಸೂರು ಸೀಮೆಯವರೆಲ್ಲ ಜಂಬದವರು ಅಂತ ತೀರ್ಮಾನ ಮಾಡಿಕೊಂಡೇ ಬಂದಿದ್ದ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಬೆಳೆದ ಗುಮಾಸ್ತ ಸ್ನಾನಕ್ಕೆ ಹೋಗುವಾಗಲೂ ಟ್ರಂಕಿಗೆ ಬೀಗ ಹಾಕಿ, ಒಮ್ಮೆ ಎಳೆದು ನೋಡಿ ಹೋಗುತ್ತಿದ್ದ. ಸಂಜೆ ಕೆಲಸ ಬಿಟ್ಟು ಬಂದವರು ಅವರವರ ಟ್ರಂಕಿನ ಮೇಲೆ ರೈಲು ತಪ್ಪಿಸಿಕೊಂಡವರ ಹಾಗೆ ಕೂತಿರುತ್ತಿದ್ದರು. ಮೊದಲ ತಿಂಗಳಲ್ಲೇ ಇಬ್ಬರು ಹಾಸಿಗೆ ಸುತ್ತಿಕೊಂಡು ಹೋದರು, ಇನ್ನಿಬ್ಬರು ಬಂದರು. ಬರಿಯ ಹಲಗೆಯ ಮೇಲೆ ಮಲಗುವುದು ಕಷ್ಟವಾಗಿರಬೇಕು ಅಂದುಕೊಂಡೆ. ಅದಕ್ಕೇ ಗಾದಿ.

ಗಾದಿಯವನು ನನಗೆ ಮಂಡಿಯಿಂದಲೇ ಗೊತ್ತು. ಅರಳೆ ಹಿಂಜುವ ಮನೆತನ. ಮನೆಯಲ್ಲಿ ಕನ್ನಡ, ಮದುವೆ-ಮುಂಜಿಯ ಊಟಕ್ಕೆ ಕೂತಾಗ ಉರ್ದು. ನನಗಿಂತ ನಾಲ್ಕೈದು ವರ್ಷ ದೊಡ್ಡವನು. ನಾನು ಅವನಿಗೆ ಭಾಯಿ ಅಂತಿದ್ದೆ, ಅವನು ನನಗೆ ಸಾವ್ಕಾರ್ರೆ ಅಂತಿದ್ದ. ನಾನು ಆಗ ಯಾವ ಸಾವ್ಕಾರನೂ ಅಲ್ಲ. ಅವನ ಬಾಯಲ್ಲಿ ಅದು ಅರ್ಧ ಮರ್ಯಾದೆ, ಅರ್ಧ ಕೀಟಲೆ.

ಬಂದ ದಿನವೇ ಅಂಗಳದಲ್ಲಿ ಬಿಲ್ಲು ತೂಗುಹಾಕಿ ಕೂತ. ಕೊಡತಿಯಿಂದ ತಂತಿ ಮೀಟಿದರೆ ಡಂಯ್ ಡಂಯ್ ಅಂತ ಇಡೀ ಗೋದಾಮೇ ನಡುಗುತ್ತಿತ್ತು. ಅರಳೆ ಹಾರಿ ಅವನ ಹುಬ್ಬು, ಗಡ್ಡ ಎಲ್ಲ ಬೆಳ್ಳಗಾಗಿ ಮುದುಕನ ಹಾಗೆ ಕಾಣುತ್ತಿದ್ದ. ಸಂಜೆ ಕೆಲಸಗಾರರು ಬಂದ ಕೂಡಲೆ ಒಬ್ಬೊಬ್ಬರನ್ನೇ ಕೇಳಿದ.

"ನಿಮಗೆ ಗಾದಿ ಎಷ್ಟು ದಪ್ಪ ಇರ್ಲಿ?"

"ಎಷ್ಟಾದ್ರೂ ಇರ್ಲಿ ಬಿಡ್ರಿ" ಅಂದ ಬಡಗಿ, ಗುಮಾಸ್ತನ ಕಡೆ ನೋಡುತ್ತ. ಗುಮಾಸ್ತ, "ಎಲ್ಲರಿಗೂ ಹೇಗೋ ಹಾಗೆ" ಅಂದ. ಟರ್ನರ್ ಸುಮ್ಮನೆ ನಕ್ಕ. ಇನ್ನೊಬ್ಬನಿಗಿಂತ ದಪ್ಪದ್ದು ಕೇಳಿದರೆ ಸುಖಪುರುಷ ಅಂತಾರೆ, ತೆಳ್ಳಗಿನದು ಕೇಳಿದರೆ ಬಡವ ಅಂತಾರೆ. ಯಾರೂ ಬಾಯಿ ಬಿಡಲೊಲ್ಲರು.

"ಎಲ್ಲಾ ಒಂದೇ ಸಮ ಹೊಲಿ ಭಾಯಿ. ಇದೇನು ಮಾವನ ಮನೇನಾ?" ಅಂದೆ ನಾನು.

ಭಾಯಿ ನನ್ನ ಹೆಗಲ ಮೇಲಿನ ಟವೆಲನ್ನು ಎಳೆದುಕೊಂಡ. "ನೀವು ಸ್ವಲ್ಪ ಸುಮ್ಕಿರ್ರಿ ಸಾವ್ಕಾರ್ರೆ. ಮಂಡೀಲಿ ಹತ್ತು ಜನದ ನಡುವೆ ಗುಟ್ಟಾಗಿ ರೇಟು ಹೇಳಲ್ವಾ? ಇಲ್ಲೂ ಹಂಗೇ."

ಮಂಡಿಯ ಪದ್ಧತಿ ನೋಡಿಲ್ಲದವರಿಗೆ ಹೇಳುತ್ತೇನೆ. ಮಾರುವವನೂ ಕೊಳ್ಳುವವನೂ ಎದುರು ಬದುರು ನಿಂತು, ಮೇಲೆ ಟವೆಲ್ ಮುಚ್ಚಿ, ಒಳಗೆ ಕೈ ಕೈ ಹಿಡಿಯುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಅಂಗೈ ಒತ್ತಿದರೆ ಐದು. ಬಾಯಿ ಹವಾಮಾನದ ಮಾತು ಆಡುತ್ತಿರುತ್ತದೆ, ಕೈ ವ್ಯಾಪಾರ ಮಾಡುತ್ತಿರುತ್ತದೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಅಲ್ಲಿ ಮೊದಲು ಒತ್ತಿದ ಅಂಕಿಯನ್ನು ಯಾರೂ ನಿಜ ಅಂತ ನಂಬುವುದಿಲ್ಲ. ಕೂಡಲೇ ಅದನ್ನು ಮುರಿದು ಕೆಳಗಿನದನ್ನು ಒತ್ತಬೇಕು. ಎಂಟು ವರ್ಷ ಅದನ್ನೇ ಮಾಡಿದ ಕೈ ನನ್ನದು.

ಭಾಯಿ ಒಬ್ಬೊಬ್ಬರ ಕೈಯನ್ನೂ ಟವೆಲಿನ ಕೆಳಗೆ ಹಿಡಿದು ದಪ್ಪ ಎಷ್ಟು ಬೆರಳು ಅಂತ ಕೇಳಿದ. ಟರ್ನರನಿಗೆ ಭಾಷೆಯೇ ಬೇಕಾಗಲಿಲ್ಲ, ಖುಷಿಯಿಂದ ಐದೂ ಒತ್ತಿದ. ಬಡಗಿ ಒತ್ತಿದ್ದು ಒಂದೇ. "ಯಾಕ್ರೀ, ಹಲಗೆ ಮೇಲೆ ಪ್ರೀತಿನಾ?" ಅಂತ ಭಾಯಿ ಕೇಳಿದ್ದಕ್ಕೆ ಬಡಗಿ, "ದಿನಾ ಮರಾ ಕೆತ್ತಾಂವ, ಮೆತ್ತಗ ಮಲಗಿದ್ರ ಮುಂಜಾನೆ ಏಳೂದಿಲ್ರೀ" ಅಂದ. ಗುಮಾಸ್ತನಿಗೆ ನಗು ತಡೆಯಲಾಗಲಿಲ್ಲ. ಆ ಗೋದಾಮಿನಲ್ಲಿ ಒಬ್ಬನ ಮಾತಿಗೆ ಇನ್ನೊಬ್ಬ ನಕ್ಕಿದ್ದು ಅದೇ ಮೊದಲು.

ಮರುದಿನ ಸಂಜೆ ಭಾಯಿ ತಾನೇ ಟವೆಲ್ ಕೇಳಿ ಇಸಕೊಂಡ. ಈಗ ಆಟಕ್ಕೆ ಕಟ್ಟುಪಾಡು ಮಾಡಿದ. ಇಬ್ಬರು ಎದುರು ಬದುರು ಕೂರಬೇಕು. ಬೇರೆ ಯಾರಾದರೂ ಅಂಕಿಯಲ್ಲಿ ಉತ್ತರ ಬರುವಂಥ ಪ್ರಶ್ನೆ ಹಾಕಬೇಕು. ಒಬ್ಬ ಒತ್ತಬೇಕು, ಇನ್ನೊಬ್ಬ ಆ ಅಂಕಿಯನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಅದರ ಮೇಲೆ ಒಂದೇ ಒಂದು ಮಾತು ಕೇಳಬಹುದು. "ಇನ್ನೊಂದು," ಅಂತ ಭಾಯಿ ನನ್ನ ಕಡೆ ತಿರುಗಿದ. "ಇದು ಮಂಡಿ ಅಲ್ಲ. ಚೌಕಾಶಿ ಬ್ಯಾಡ. ಇಲ್ಲಿ ಕೈ ಹೇಳಿದ್ದೇ ಖರೆ. ಕೇಳಿಸ್ತಾ ಸಾವ್ಕಾರ್ರೆ?"

"ನನ್ನ ಯಾಕ ನೋಡ್ತೀಯ?"

"ನಿಮಗಲ್ದೆ ಇನ್ನ್ಯಾರಿಗೆ ಹೇಳ್ಲಿ?"

ಎಷ್ಟು ಜನ ಅಣ್ಣತಮ್ಮಂದಿರು, ಎಷ್ಟನೇ ಕ್ಲಾಸಿಗೆ ಸ್ಕೂಲು ಬಿಟ್ಟೆ, ಹೀಗೆ ಶುರುವಾಯಿತು. ಮದುವೆಗೆ ಮುಂಚೆ ಹುಡುಗಿಯನ್ನು ಎಷ್ಟು ಸಲ ನೋಡಿದ್ದೆ ಅಂತ ಬಡಗಿಯನ್ನು ಕೇಳಿದರು. ಸೊನ್ನೆಯನ್ನು ಒತ್ತುವುದು ಹೇಗೆ? ಅವನು ಮುಷ್ಟಿ ಕಟ್ಟಿದ. ಎದುರಿಗಿದ್ದ ಗುಮಾಸ್ತ, "ಅಯ್ಯೋ, ಗುದ್ತಾನೆ ಕಣ್ರೀ!" ಅಂತ ಕೈ ಎಳೆದುಕೊಂಡ. ಇಡೀ ಗೋದಾಮು ಬಿದ್ದು ಬಿದ್ದು ನಕ್ಕಿತು.

ಮೂರನೆಯ ಸಂಜೆ ಟರ್ನರನ ಸರದಿ. ಮನೆಯಿಂದ ಕಾಗದ ಬಂದು ಎಷ್ಟು ದಿನ ಆಯಿತು ಅಂತ ಪ್ರಶ್ನೆ. ಗುಮಾಸ್ತನಿಗೆ ತಮಿಳು ಮಾತು ಬರುತ್ತಿದ್ದರಿಂದ ಅವನೇ ತಿಳಿಸಿ ಹೇಳಿ, ಅವನೇ ಕೈ ಹಿಡಿದ. ಟರ್ನರ್ ಅಂಗೈ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. "ಐದು... ಹತ್ತು... ಹದಿನೈದು..." ಗುಮಾಸ್ತ ಎಣಿಸುತ್ತ ಹೋದ. ಮೊದಮೊದಲು ನಗುತ್ತಿದ್ದವರು ಮೂವತ್ತಾಗುವಾಗ ಟವೆಲಿನ ಹತ್ತಿರ ಸರಿದು ಕೂತರು. ನಲವತ್ತೈದಕ್ಕೆ ಕೈ ನಿಂತಿತು. ಗುಮಾಸ್ತ ತನ್ನ ಒಂದು ಮಾತು ಕೇಳಿದ, ಯಾಕೆ ಅಂತ. ಕಾಗದ ಬರೆಯುವವರು ಊರಲ್ಲಿದ್ದಾರೆ, ಆದರೆ ಈ ಗೋದಾಮಿನ ವಿಳಾಸ ಹೇಗೆ ಬರೆಯಬೇಕು ಅಂತ ಟರ್ನರನಿಗೆ ಗೊತ್ತಿರಲಿಲ್ಲ, ಯಾರನ್ನು ಕೇಳಬೇಕು ಅಂತಲೂ ತಿಳಿಯದೆ ಸುಮ್ಮನಿದ್ದುಬಿಟ್ಟಿದ್ದ. ಮರುದಿನ ಗುಮಾಸ್ತ ಪೋಸ್ಟ್ ಆಫೀಸಿನಿಂದ ಕಾರ್ಡು ತಂದು ವಿಳಾಸ ಬರೆದುಕೊಟ್ಟ. ತರುವ ಅವಸರದಲ್ಲಿ ಟ್ರಂಕಿಗೆ ಬೀಗ ಹಾಕುವುದನ್ನು ಮರೆತಿದ್ದ.

ಅದಾದ ಮೇಲೆ ಯಾರೂ ಹಾಸಿಗೆ ಸುತ್ತಲಿಲ್ಲ. ಗಾದಿಯಿಂದ ಅಂತ ನಾನು ಹೇಳಬಹುದಿತ್ತು, ಆದರೆ ಆಗ ಸಿದ್ಧವಾಗಿದ್ದದ್ದು ನಾಲ್ಕೇ ಗಾದಿ.

ಭಾಯಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಅವನು ಬಿಡುವಾದಾಗಲೆಲ್ಲ ಆ ತಗಡಿನ ಮಾಡಿನ ಕೆಳಗೆ ಹೋಗಿ ನಿಲ್ಲುತ್ತಿದ್ದ. ಒಮ್ಮೆ ಎರಡೂ ತೋಳು ಚಾಚಿ ಅಗಲ ಅಳೆದದ್ದನ್ನು ನಾನೇ ನೋಡಿದೆ. "ಇಲ್ಲಿ ಯಾರಿರ್ತಾರೆ?" ಅಂತ ಕೇಳಿದ. "ಬಾಡಿಗೆ ಕೊಟ್ಟವರು" ಅಂದೆ. ಅವನು ನಕ್ಕು ಬಿಲ್ಲಿಗೆ ಹೋಗಿ ಕೂತ. ಸೊಲ್ಲಾಪುರದಲ್ಲಿರುವ ಹೆಂಡತಿಯ ಅಣ್ಣ ಬಾ ಬಾ ಅಂತ ಕರೆಯುತ್ತಿದ್ದಾನೆ, ತನಗೆ ಅಷ್ಟು ದೂರ ಹೋಗಲು ಮನಸ್ಸಿಲ್ಲ, ಅಮ್ಮ ದಾವಣಗೆರೆ ಬಿಟ್ಟರೆ ಹರಿಹರದ ತನಕ ಬಂದಾಳು, ಅದರಾಚೆ ಬರಲಾರಳು ಅಂತ ಇನ್ನೊಂದು ದಿನ ಚಹಾ ಕುಡಿಯುವಾಗ ಹೇಳಿದ್ದ. ನಾನು ಹೂಂ ಅಂದಿದ್ದೆ. ಎರಡನ್ನೂ ಜೋಡಿಸಿ ನೋಡುವಷ್ಟು ಬುದ್ಧಿ ನನಗಿತ್ತು. ಆದರೆ ಗಿರಾಕಿ ತಾನಾಗಿ ಬಾಯಿಬಿಟ್ಟು ಕೇಳುವ ತನಕ ಅಂಗಡಿಯವನು ಕೇಳಬಾರದು ಅನ್ನುವುದು ನನ್ನ ಕಸುಬಿನ ಪಾಠ. ಮೊದಲು ಕೇಳಿದವನು ಸೋತ ಹಾಗೆ. ಅವನು ಕೇಳಲಿ ಅಂತ ಕಾದೆ.

ಹತ್ತನೆಯ ದಿನ ಹನ್ನೆರಡೂ ಗಾದಿ ಮುಗಿದವು. ಅಂದು ಸಂಜೆ ಬಡಗಿ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿದ್ದ. ಅಂಗಳದಲ್ಲಿ ಹಳೇ ಚೀಲ ಹಾಸಿ ಕೂತೆವು. ಭಾಯಿ ಮರುದಿನ ಹೊರಡುವವನು, ಅದಕ್ಕೆ ಕೊನೆಯ ಆಟ ಅವನದೇ ಆಗಲಿ ಅಂದರು. ಅವನು ಎದುರಿಗೆ ನನ್ನನ್ನು ಕರೆದ.

"ಸಾವ್ಕಾರ್ರೆ ಬರ್ರಿ. ಹತ್ತು ದಿನದಿಂದ ನೋಡೋದೇ ಆಯ್ತು, ಒಂದ್ಸಲ ಕೈ ಕೊಡ್ರಿ."

ಪ್ರಶ್ನೆ ಹಾಕಿದ್ದು ಬಡಗಿ. "ಭಾಯಿ, ಹರಿಹರದಾಗ ಇನ್ನೂ ಎಷ್ಟ ವರ್ಷ ಇರಬೇಕಂತ ಆಸೆ ಐತಿ ನಿನಗ?"

ಟವೆಲಿನ ಕೆಳಗೆ ಅವನ ಕೈ ನನ್ನ ಕೈಯನ್ನು ಹಿಡಿಯಿತು. ಆ ಕೈ ಇವತ್ತಿಗೂ ನೆನಪಿದೆ. ಬಿಲ್ಲು ಹಿಡಿದು ಹಿಡಿದು ಅಂಗೈ ನಡುವೆ ಗಟ್ಟಿಯಾದ ಒಂದು ಗೆರೆ, ಬೆರಳ ತುದಿಯಲ್ಲಿ ದಬ್ಬಣ ಚುಚ್ಚಿದ ಕಲೆ. ಅಂಗೈ ಒತ್ತಿದ. ಸ್ವಲ್ಪ ತಡೆದು ಇನ್ನೊಮ್ಮೆ ಒತ್ತಿದ. ಐದು, ಐದು. ಹತ್ತು ವರ್ಷ.

ನಾನು ಮಾಡಬೇಕಾಗಿದ್ದದ್ದು ಒಂದೇ: ಬಾಯಿಬಿಟ್ಟು "ಹತ್ತು" ಅನ್ನುವುದು. ನನ್ನ ಕೈ ಕಾಯಲಿಲ್ಲ. ಹತ್ತು ಒತ್ತಿದವನಿಗೆ ಏನು ಒತ್ತಬೇಕೋ ಅದನ್ನು ಒತ್ತಿತು. ಅವನ ಒಂದು ಬೆರಳನ್ನು, ಕಿರುಬೆರಳನ್ನು, ಹಿಡಿದೆ. ಒಂದು. ಮಂಡಿಯಲ್ಲಾದರೆ ಅದಕ್ಕೆ ಎದುರಿನವನು ಬೈದು ಎಂಟು ಒತ್ತುತ್ತಾನೆ, ನಾನು ಎರಡು ಒತ್ತುತ್ತೇನೆ, ಕೊನೆಗೆ ಎಲ್ಲೋ ಒಂದು ಕಡೆ ಕೂಡುತ್ತೇವೆ. ಅದೇ ರುಚಿ ಅದರಲ್ಲಿ. ನಾನು ನಗುತ್ತ ಅವನ ಎಂಟಕ್ಕೆ ಕಾದೆ.

ಅವನ ಕೈ ಅಲ್ಲಾಡಲಿಲ್ಲ. ಆಮೇಲೆ ಮೆಲ್ಲಗೆ ಹೊರಗೆ ಬಂತು.

"ಎಷ್ಟಂತ್ರೀ?" ಅಂದ ಗುಮಾಸ್ತ.

"ಸಾವ್ಕಾರ್ರು ಒಂದು ಅಂದ್ರು" ಅಂದ ಭಾಯಿ, ಟವೆಲ್ ಮಡಚುತ್ತ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನೂ ನಕ್ಕ, ಅದು ನನ್ನ ಕಣ್ಣಲ್ಲಿ ಇದೆ. ಬಡಗಿ ಮಾತ್ರ ನಗಲಿಲ್ಲ. ಬೆಳಿಗ್ಗೆ ಭಾಯಿ ಬಿಲ್ಲನ್ನು ಗೋಣಿತಟ್ಟಿನಲ್ಲಿ ಸುತ್ತಿ ಹೆಗಲ ಮೇಲಿಟ್ಟುಕೊಂಡು, "ಬರ್ತೀನಿ ಸಾವ್ಕಾರ್ರೆ" ಅಂದ. "ಬಾರಪ್ಪ, ಮುಂದಿನ ವಾರ ಬಾ, ಚಾ ಕುಡಿಯೋಣ" ಅಂದೆ. ಒಂಬತ್ತು ಮೈಲಿ ದೂರದ ಊರಿಗೆ ಹೋಗುವವನಿಗೆ ಇನ್ನೇನು ಹೇಳಬೇಕು?

ನಾಲ್ಕು ದಿನದ ಮೇಲೆ, ಭಾನುವಾರ, ಬಡಗಿ ಆ ತಗಡಿನ ಮಾಡಿನ ಹತ್ತಿರ ಒರಗಿಸಿಟ್ಟಿದ್ದ ಆರು ಹಲಗೆಗಳನ್ನು ಎತ್ತಿ ಒಳಗೆ ತರುತ್ತಿದ್ದ. ಅದು ಯಾರದು ಅಂತ ಕೇಳಿದೆ.

"ಭಾಯಿದು. ಬಯಲು ಮಗ್ಗಲಾ ಮುಚ್ಚಾಕ ಎಷ್ಟ ಹಲಗಿ ಬೇಕು ಅಂತ ಕೇಳಿದ್ದ. ನಾ ತಂದಿಟ್ಟಿದ್ದೆ. ಅವ್ವನ್ನ, ಹೇಣ್ತೀನ್ನ ಕರಕೊಂಡು ಬಂದು ಇಲ್ಲೇ ಇರಾಂವ ಇದ್ದ."

"ಮತ್ತೆ ನನ್ನ ಯಾಕೆ ಕೇಳಲಿಲ್ಲ?"

ಬಡಗಿ ಹಲಗೆ ಕೆಳಗಿಟ್ಟ. "ಕೇಳಿದ್ನಲ್ರೀ. ಬಾಯಿಲೆ ಕೇಳಿದ್ರ ನೀವು ರೇಟಿಗೆ ಇಳೀತೀರಿ ಅಂತ ಕೈಯಾಗ ಕೇಳಿದ. ಚೌಕಾಶಿ ಇಲ್ಲದ್ದು ಅದೊಂದ ಜಾಗಾ ಇತ್ತು ನಿಮ್ಮ ಹತ್ರ. ಪ್ರಶ್ನಾ ಹಾಕಿದಾಂವ ನಾನು, ಉತ್ತರಾ ಕೊಟ್ಟಾಂವ ಅವ. ನಡುವ ನೀವ್ಯಾಕ ವ್ಯಾಪಾರಕ್ಕ ಇಳದ್ರಿ?"

ನಾನು ಅಂಗಿ ಹಾಕಿಕೊಂಡು ದಾವಣಗೆರೆ ಬಸ್ಸು ಹತ್ತಿದೆ. ಮಂಡಿಪೇಟೆಯ ಹಿಂದಿನ ಓಣಿಗಳಲ್ಲಿ ಕೇಳುತ್ತ ಕೇಳುತ್ತ ಅವನ ಮನೆ ಸಿಕ್ಕಿತು. ಅಷ್ಟು ವರ್ಷದ ಪರಿಚಯ, ಮನೆ ನೋಡಿದ್ದು ಅವತ್ತೇ. ಬಾಗಿಲಲ್ಲಿ ಅವನ ತಾಯಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದರು.

"ಮೊನ್ನೆ ಗಾಡಿ ಹತ್ತಿದನಪ್ಪ, ಸೊಲ್ಲಾಪುರಕ್ಕೆ. ಹರಿಹರದಾಗೆ ಇರೋಣ ಅಂತಿದ್ದ, ಅಲ್ಲಿ ಜಾಗ ಆಗ್ಲಿಲ್ವಂತೆ. ನೀನ್ಯಾರಪ್ಪ?"

"ನಾನು... ಗಾದಿ ಹೊಲಿಸಿದವನಮ್ಮ."

"ಹೌದಾ? ಗಾದಿ ಚೆನ್ನಾಗದಾವಾ?"

ಚೆನ್ನಾಗಿವೆ ಅಂದೆ. ಜಾಗ ಇದೆ ಅಂತ ಬರೆಸಿ ಅಮ್ಮ, ಬಾಡಿಗೆ ಬ್ಯಾಡ ಅಂತ ಬರೆಸಿ, ಹತ್ತು ವರ್ಷ ಅಲ್ಲ ಎಷ್ಟು ವರ್ಷ ಬೇಕಾದರೂ ಇರಲಿ ಅಂತ ಬರೆಸಿ ಅಂದೆ. ಅಷ್ಟೊಂದು ಮಾತನ್ನು ಒಮ್ಮೆಗೇ, ಒಂದನ್ನೂ ತಡೆಹಿಡಿಯದೆ, ನಾನು ಯಾರ ಮುಂದೆಯೂ ಆಡಿದವನಲ್ಲ. ಆಯಮ್ಮ ನನ್ನ ಮುಖ ನೋಡಿ, "ಬರೆಸ್ತೀನಪ್ಪ, ಕೂಡು, ನೀರು ಕುಡಿ" ಅಂದರು. ಬರೆಸಿದರು ಕೂಡ. ತಿಂಗಳ ಮೇಲೆ ಅವರಿಗೆ ಉರ್ದುವಿನಲ್ಲಿ ಬಂದ ಉತ್ತರವನ್ನು ಪಕ್ಕದ ಮನೆಯವರು ನನಗೆ ಓದಿ ಹೇಳಿದರು. ಸೊಲ್ಲಾಪುರದಲ್ಲಿ ಐದು ವರ್ಷಕ್ಕೆ ಅಂಗಡಿ ಒಪ್ಪಿಕೊಂಡಾಗಿದೆ, ಮಾತು ಕೊಟ್ಟ ಮೇಲೆ ತಪ್ಪಲಾಗದು, ಸಾವ್ಕಾರ್ರಿಗೆ ಸಲಾಂ ಹೇಳಿ. ಮುಂದಿನ ವರ್ಷ ತಾಯಿಯೂ ಸೊಲ್ಲಾಪುರಕ್ಕೆ ಹೊರಟುಹೋದರು, ಹರಿಹರದಾಚೆ ಬರಲಾರಳು ಅಂತ ಮಗ ಹೇಳಿದ್ದ ಆ ತಾಯಿ.

ಆಟ ಮಾತ್ರ ನಡೆಯುತ್ತಲೇ ಇತ್ತು. ಹೊಸಬ ಬಂದ ಸಂಜೆ ಯಾರಾದರೊಬ್ಬರು ಟವೆಲ್ ಎತ್ತಿಕೊಂಡು ಬರುತ್ತಿದ್ದರು. ಆಮೇಲೆ ನಾನು ಇನ್ನೂ ಎರಡು ಕಡೆ ಜಾಗ ಹಿಡಿದೆ, ಅಲ್ಲಿಗೂ ಆ ಆಟ ಹೋಯಿತು. ಕಾರ್ಖಾನೆಯ ಹುಡುಗರು ಮದುವೆಯ ದಿಬ್ಬಣದಲ್ಲಿ ಬೀಗರ ಜೊತೆ ಅದನ್ನೇ ಆಡಿ ನಗಿಸಿದರು ಅಂತ ಕೇಳಿದೆ. ಯಾರೂ ಅದನ್ನು ತಂದವನ ಸುದ್ದಿ ಎತ್ತುತ್ತಿರಲಿಲ್ಲ, ಅವರಿಗೆ ಅವನು ಗೊತ್ತೂ ಇರಲಿಲ್ಲ. ತಗಡಿನ ಮಾಡನ್ನು ಎರಡು ವರ್ಷ ಖಾಲಿ ಬಿಟ್ಟೆ. ನನ್ನಂಥವನು ಬಾಡಿಗೆ ಬರುವ ಜಾಗವನ್ನು ಖಾಲಿ ಬಿಟ್ಟದ್ದು ಅದೊಂದೇ ಸಲ. ಮೂರನೆಯ ವರ್ಷ ಸೈಕಲ್ ಇಡಲು ಕೊಟ್ಟೆ, ಸುಳ್ಳು ಯಾಕೆ ಹೇಳಲಿ.

ನನ್ನ ಮದುವೆಯಾದ ಮೇಲೆ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಅವಳು ಕೇಳಿ ಮುಗಿಸಿ, "ಧಾರೆಯಲ್ಲಿ ನನ್ನ ಕೈ ಹಿಡಿದಾಗ ಎಷ್ಟಕ್ಕೆ ಇಳಿಸಿದ್ರಿ?" ಅಂದಳು. ಅವಳೇ ಆಮೇಲೆ, ಹೋಗಿ ಹುಡುಕಿ ಬರ್ರಿ ಅಂದಳು. ಅರವತ್ತರ ದಶಕದಲ್ಲಿ ಚಾದರ ಕೊಳ್ಳುವ ನೆಪದಲ್ಲಿ ಎರಡು ಸಲ ಸೊಲ್ಲಾಪುರಕ್ಕೆ ಹೋದೆ. ಮೊದಲ ಸಲ ಗಾದಿ ಹೊಲಿಯುವವರ ಬೀದಿ ಬೀದಿ ತಿರುಗಿದೆ, ದಾವಣಗೆರೆಯವನು ಅಂದರೆ ಯಾರಿಗೂ ತಿಳಿಯಲಿಲ್ಲ. ಎರಡನೆಯ ಸಲ ಒಂದು ಗಲ್ಲಿಯ ಒಳಗಿಂದ ಡಂಯ್ ಡಂಯ್ ಕೇಳಿ ಓಡಿದ ಹಾಗೇ ಹೋದೆ. ಅರಳೆ ಹಾರುತ್ತಿದ್ದ ಕೋಣೆಯಲ್ಲಿ ತಲೆಯೆಲ್ಲ ಬೆಳ್ಳಗಾದವನೊಬ್ಬ ಬೆನ್ನು ಹಾಕಿ ಕೂತಿದ್ದ. ಭಾಯಿ ಅಂದೆ. ತಿರುಗಿದವನಿಗೆ ಹೆಚ್ಚೆಂದರೆ ಇಪ್ಪತ್ತು ವರ್ಷ. ಗಾದಿ ಬೇಕಾ ಅಂತ ಮರಾಠಿಯಲ್ಲಿ ಕೇಳಿದ. ಒಂದು ದಿಂಬು ಕೊಂಡೆ. ಹೇಳಿದ ಬೆಲೆಗೇ ಕೊಂಡೆ.

ಈಗ ನನ್ನ ಮಾತು ಕೇಳಿ. ಹಾಸ್ಟೆಲ್ ನಡೆಸುವವರು, ಹೊಸ ಕೆಲಸಗಾರರನ್ನು ಒಂದು ಕಡೆ ಕೂಡಿಸುವವರು, ಬೀಗರ ಮನೆಯವರನ್ನು ಮೊದಲ ಸಲ ಕರೆದವರು, ಯಾರಾದರೂ ಸರಿ, ಈ ಆಟ ಆಡಿಸಿ. ಖರ್ಚು ಒಂದು ಟವೆಲ್, ಅದೂ ನಿಮ್ಮ ಹೆಗಲ ಮೇಲೆ ಇದ್ದದ್ದೇ. ಹೆಸರು, ಊರು, ಮನೆತನ ಕೇಳಿ ಶುರು ಮಾಡಬೇಡಿ, ಅದರಲ್ಲೇ ಜನ ಬೇರೆ ಬೇರೆಯಾಗಿ ಕೂತುಬಿಡುತ್ತಾರೆ. ಯಾರೂ ನಾಚಿಕೊಳ್ಳದಂಥ ಅಂಕಿ ಕೇಳಿ. ತಿನ್ನಲು ಕೊಡುವುದಿದ್ದರೆ ಆಟ ಮುಗಿದ ಮೇಲೆ ಕೊಡಿ, ಎಣ್ಣೆ ಕೈಯನ್ನು ಯಾರೂ ಹಿಡಿಯುವುದಿಲ್ಲ. ಜಾಗದ ಮಾಲೀಕರು, ಮೇಲಿನ ಅಧಿಕಾರಿಗಳು ಆಟದಲ್ಲಿ ಕೂತರೆ ಒತ್ತಿದ ಅಂಕಿಯನ್ನು ಹಾಗೆಯೇ ಹೇಳಬೇಕು ಅಂತ ಮೊದಲೇ ಗಟ್ಟಿ ಮಾಡಿ, ಅವರಿಗೆ ಎರಡು ಸಲ ಹೇಳಿ. ಆಟ ಮುಗಿದು ಜನ ಎದ್ದ ಮೇಲೆ, ಯಾರ ಉತ್ತರಕ್ಕೆ ಎಲ್ಲರೂ ನಕ್ಕಿದ್ದರೋ ಅವರ ಪಕ್ಕಕ್ಕೆ ಹೋಗಿ ಕೂತು, ನಿಮಗೆ ನಿಜವಾಗಿ ಏನು ಬೇಕಿತ್ತು ಅಂತ ಕೇಳಿ. ಅಂದೇ ಕೇಳಿ, ಬೆಳಿಗ್ಗೆಗೆ ಬಿಡಬೇಡಿ. ಅವರು ಹೇಳಿದ್ದು ನಿಮ್ಮ ಕೈಲಾಗುವಂಥದ್ದಾದರೆ ಅಲ್ಲೇ ಹೂಂ ಅಂದುಬಿಡಿ.